ಜೋಳದ ಬಿಯರಿನ ಸತ್ತ್ವಹಾನಿಯೂ ‘ಕಿಣ್ವ’ ಶಬ್ದವೂ

ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ‘ಕಿಣ್ವ’ವೆಂದರೆ ಧಾನ್ಯವನ್ನು ಸುರೆಯಾಗಿಸಲು ಬೆರೆಸುವ ಹುದುಗುದ್ರವ್ಯ. ಇಂದಿನ ಕನ್ನಡ ವಿಜ್ಞಾನಗ್ರಂಥಗಳಲ್ಲಿ ಅದೇ ಶಬ್ದವು ಎನ್‌ಜೈಮಿಗೆ ಸಲ್ಲುತ್ತದೆ. ಪ್ರಾಚೀನಾರ್ಥದಲ್ಲಿ ಎರಡು ಕಾರ್ಯಗಳು ಅಡಗಿದ್ದುವು: ಪಿಷ್ಟವನ್ನು ಸಕ್ಕರೆಯಾಗಿಸುವುದೊಂದು, ಸಕ್ಕರೆಯನ್ನು ಮದ್ಯಸಾರವಾಗಿಸುವುದಿನ್ನೊಂದು. ಮೊದಲನೆಯದು ಎನ್‌ಜೈಮಿನದು, ಎರಡನೆಯದು ಯೀಸ್ಟಿನದು. ಈ ಭೇದವನ್ನು ಮರೆತರೆ, ಬಿಯರಿನಲ್ಲಿ ಎಣಿಸಿದಷ್ಟು ಮದ್ಯಸಾರ ಬಾರದಿದ್ದಾಗ ದೋಷವೆಲ್ಲ ಯೀಸ್ಟಿನ ಮೇಲೆಯೇ ಬೀಳುವುದು.

ಭೀಮಾ, ಡೋಣಿ, ಕೃಷ್ಣಾ ನದಿಗಳ ಸೀಮೆಯಲ್ಲಿರುವ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಎರೆನೆಲದಲ್ಲಿ ಬೆಳೆಯುವ ಹಿಂಗಾರಿ ಬಿಳಿಜೋಳದಂಥ ಧಾನ್ಯಕ್ಕೆ ಈ ಭೇದವು ಬಹು ಮುಖ್ಯವಾದುದು. ಬಾರ್ಲಿಯ ಪಿಷ್ಟವು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅರಳಿ ಗಂಜಿಯಾಗುತ್ತದೆ. ಆ ಶಾಖದಲ್ಲಿ ಮೊಳಕೆಯ ಎನ್‌ಜೈಮುಗಳು ಬದುಕಿರುತ್ತವೆ. ಜೋಳದ ಪಿಷ್ಟಕ್ಕಾದರೋ 70 ಡಿಗ್ರಿಗೂ ಮಿಕ್ಕ ಶಾಖ ಬೇಕು. ಅಷ್ಟರಲ್ಲಿ ಅವು ಬೇಗನೆ ನಾಶವಾಗುವುವು. ಮೇಲಾಗಿ ಮಾಲ್ಟೋಸ್ ಸಕ್ಕರೆಯನ್ನುಂಟುಮಾಡುವ ಬೀಟಾ ಅಮಿಲೇಸು ಮೊಳೆತ ಜೋಳದಲ್ಲಿ ಬಾರ್ಲಿಗಿಂತ ಬಹಳ ಕಡಿಮೆ.

ದೋಷವೆಲ್ಲಿದೆಯೆಂಬುದನ್ನು ಸಾಂದ್ರತಾಮಾಪಕವು ತಿಳಿಸುತ್ತದೆ. ದ್ರವದ ಸಾಪೇಕ್ಷಸಾಂದ್ರತೆಯು 1.050ರಿಂದ 1.010ಕ್ಕೆ ಇಳಿದರೆ, ಇಳಿತದ 40 ಅಂಶಗಳನ್ನು 0.131ರಿಂದ ಗುಣಿಸಲು ಶೇಕಡ 5.2ರಷ್ಟು ಮದ್ಯಸಾರ ದೊರೆಯುವುದು. 1.035ರಿಂದ 1.010ಕ್ಕೆ ಇಳಿದರೂ, 1.050ರಿಂದ 1.025ಕ್ಕೆ ಇಳಿದರೂ ಫಲ ಶೇಕಡ 3.3 ಒಂದೇ, ಆದರೆ ಕಾರಣ ಬೇರೆ. ಮೊದಲನೆಯದರಲ್ಲಿ ಪಿಷ್ಟವೇ ಸಾಕಷ್ಟು ಕರಗಲಿಲ್ಲ. ಎರಡನೆಯದರಲ್ಲಿ ಕರಗಿದ್ದು ಯೀಸ್ಟು ಉಣಲಾರದ ಡೆಕ್ಸ್‌ಟ್ರಿನ್ನಾಗಿ ಉಳಿಯಿತು, ಇಲ್ಲವೆ ಯೀಸ್ಟೇ ಸೋತಿತು. ಇದರ ನಿರ್ಣಯಕ್ಕೆ ಸ್ವಲ್ಪ ದ್ರವವನ್ನು ಬೇರೆ ತೆಗೆದು, ಹೊಸ ಯೀಸ್ಟನ್ನು ಧಾರಾಳವಾಗಿ ಬೆರೆಸಿ, ಬೆಚ್ಚಗಿಡಬೇಕು. ಸಾಂದ್ರತೆ ಮತ್ತೆ ಇಳಿದರೆ ದೋಷವು ಯೀಸ್ಟಿನದು, ಇಳಿಯದಿದ್ದರೆ ಎನ್‌ಜೈಮಿನದು.

ಅಳತೆಯಲ್ಲಿಯೂ ಎಚ್ಚರಿಕೆ ಅಗತ್ಯ. 20 ಡಿಗ್ರಿಗೆ ಅಳವಡಿಸಿದ ಮಾಪಕವು 35 ಡಿಗ್ರಿಯ ದ್ರವದಲ್ಲಿ ಸುಮಾರು 0.004 ಕಡಿಮೆ ತೋರಿಸುತ್ತದೆ. ಆರಂಭದ ಅಳತೆಯನ್ನು ಮಾತ್ರ ಹೀಗೆ ಬಿಸಿಯಲ್ಲಿ ತೆಗೆದರೆ ಲೆಕ್ಕದಲ್ಲಿಯೇ ಶೇಕಡ ಅರೆಯಷ್ಟು ಸತ್ತ್ವ ಕುಗ್ಗುವುದು.

ಪರಿಹಾರವು ಎರಡು ಕಾರ್ಯಗಳನ್ನು ಬೇರ್ಪಡಿಸುವುದರಲ್ಲಿದೆ. ಮೊಳೆತು ಒಣಗಿದ ಜೋಳದ ಬೇರುಚಿಗುರುಗಳಲ್ಲಿ ಸಯನೈಡು ಹೊಮ್ಮಿಸುವ ವಸ್ತುವಿರುವುದರಿಂದ ಅವನ್ನು ಮೊದಲು ಉಜ್ಜಿ ತೆಗೆಯಬೇಕು. ಹಿಟ್ಟನ್ನು ಉಗುರುಬೆಚ್ಚನೆಯ ನೀರಿನಲ್ಲಿ ನೆನೆಯಿಸಿ, ಎನ್‌ಜೈಮುಳ್ಳ ತಿಳಿಯನ್ನು ಬಸಿದಿಡಬೇಕು. ಉಳಿದ ಗಸಿಯನ್ನು ಚೆನ್ನಾಗಿ ಬೇಯಿಸಿ, 65 ಡಿಗ್ರಿಯ ಸುಮಾರಿಗೆ ಆರಿಸಿ, ಆ ತಿಳಿಯನ್ನು ಮರಳಿ ಕೂಡಿಸಬೇಕು. ಪರವಾನಗಿಯಿಲ್ಲದ ಮದ್ಯತಯಾರಿಕೆಯನ್ನು 1965ರ ಕರ್ನಾಟಕ ಅಬಕಾರಿ ಅಧಿನಿಯಮವು ನಿಷೇಧಿಸಿರುವುದರಿಂದ, ಇದು ಪರವಾನಗಿಯುಳ್ಳವರಿಗೆ ಮಾತ್ರ ಸಲ್ಲುವ ಕ್ರಮ.

ದಕ್ಷಿಣ ಆಫ್ರಿಕೆಯ ‘ಉಮ್‌ಕೊಂಬೋತಿ’ಯೆಂಬ ಜೋಳ, ಮೆಕ್ಕೆಜೋಳಗಳ ಬಿಯರು ಸಾಮಾನ್ಯವಾಗಿ ಶೇಕಡ 3ರ ಆಸುಪಾಸಿನದು, ಅಲ್ಲಿ ಅದನ್ನು ಕೊರತೆಯೆಂದು ಎಣಿಸುವುದಿಲ್ಲ. ಆದುದರಿಂದ ಸತ್ತ್ವವು ಕಡಿಮೆಯೆನ್ನುವ ಮೊದಲು ಯಾವ ಧಾನ್ಯದೊಡನೆ ಹೋಲಿಸುತ್ತಿರುವೆವೆಂಬುದು ಸ್ಪಷ್ಟವಿರಬೇಕು. ಹಾಗೆಯೇ ಪ್ರಾಚೀನ ಗ್ರಂಥಗಳ ‘ಕಿಣ್ವ’ವನ್ನು ಪಾಠ ಹೇಳುವವರು ಅದನ್ನು ಬರಿಯ ಎನ್‌ಜೈಮೆಂದಾಗಲಿ ಬರಿಯ ಯೀಸ್ಟೆಂದಾಗಲಿ ಅರ್ಥೈಸದೆ, ಎರಡರ ಕಾರ್ಯವನ್ನೂ ಒಳಗೊಂಡ ಹುದುಗೆಂದು ವಿವರಿಸುವುದು ಯುಕ್ತ.