ಬಸುರಿಯ ಆರೈಕೆ ಮತ್ತು ಮೆಗ್ನೀಸಿಯಂ

ಮೆಗ್ನೀಸಿಯಂ ಎಂದೊಡನೆ ಪ್ರೌಢಶಾಲೆಯಲ್ಲಿ ಕಲಿತವರಿಗೆ ಪ್ರಯೋಗಶಾಲೆಯ ಬೆಳ್ಳಿ ಬಣ್ಣದ ಪಟ್ಟಿಯೊಂದು ನೆನಪಾಗುತ್ತದೆ. ಇಕ್ಕಳದಲ್ಲಿ ಹಿಡಿದು ಉರಿಗೊಡ್ಡಿದರೆ ಕಣ್ಣು ಕೋರೈಸುವ ಬೆಳಕು, ಆಮೇಲೆ ಚಿಟಿಕೆಯಷ್ಟು ಬಿಳಿ ಬೂದಿ. ಉಳಿದ ಪಾಠವೆಲ್ಲ ಮರೆತರೂ ಮಕ್ಕಳು ಇದೊಂದನ್ನು ಮರೆಯುವುದಿಲ್ಲ. ಅದೇ ಧಾತು ಎಲೆಯ ಹಸುರಿನ ಕೇಂದ್ರದಲ್ಲಿದೆ, ನಮ್ಮ ಎಲುಬಿನಲ್ಲಿದೆ, ಸ್ನಾಯುಗಳಲ್ಲಿದೆ. ನಮ್ಮ ಜಿಲ್ಲೆಯ ತೆಂಗಿನ ಕೃಷಿಕರಿಗಂತೂ ಅದರ ಸಲ್ಫೇಟು ಹೊಸತಲ್ಲ. ಗರಿ ಹಳದಿಯಾದ ಮರಕ್ಕೆ ವರ್ಷಕ್ಕೆ ಅರ್ಧ ಕಿಲೋ ಹಾಕಬೇಕೆಂಬ ಸಲಹೆ ಅವರು ಕೇಳಿದ್ದೇ. ಇದೇ ಲವಣ ಔಷಧದ ಅಂಗಡಿಯಲ್ಲಿ ಎಪ್ಸಂ ಉಪ್ಪು, ಜನರ ಬಾಯಲ್ಲಿ ಭೇದಿ ಉಪ್ಪು. ಬಸುರಿಯ ಪ್ರಾಣ ಉಳಿಸುವ ಚುಚ್ಚುಮದ್ದೂ ಇದೇ ಲವಣದ್ದು ಎಂಬುದು ಮಾತ್ರ ಅನೇಕರಿಗೆ ತಿಳಿಯದು.

ಈ ವಿಷಯವನ್ನು ಕೃಷ್ಣಾ ಎಂಬ ಊರನ್ನು ಮುಂದಿಟ್ಟುಕೊಂಡು ಹೇಳಲು ನಮಗೆ ಕಾರಣವಿದೆ. ರಾಯಚೂರು ಬಿಟ್ಟು ವಾಡಿಯ ಕಡೆಗೆ ಹೋಗುವ ರೈಲು ಹೊಳೆಯ ಸೇತುವೆ ದಾಟಿದೊಡನೆ ಸಿಗುವ ನಿಲ್ದಾಣವದು. ಹಿಂದಿನ ನಿಲ್ದಾಣ ಕರ್ನಾಟಕದ್ದು, ಮುಂದೆ ಸಿಗುವ ಸೈದಾಪುರವೂ ಕರ್ನಾಟಕದ್ದು. ನಡುವಿನ ಕೃಷ್ಣಾ ಮಾತ್ರ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದೆ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಮಕ್ತಲ್ ಕಡೆಯ ಹೊಳೆಬದಿಯ ಹಳ್ಳಿಗಳಲ್ಲಿ ಇಂದಿಗೂ ಮನೆಮಾತು ಕನ್ನಡ, ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ಕಚೇರಿಯ ಭಾಷೆ ತೆಲುಗು. ಅಲ್ಲಿನ ಬಸುರಿಯ ಪಾಡು ನಮ್ಮ ಗಡಿಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾದುದಲ್ಲ.

ಮೊದಲು ಊಟದ ಮಾತು. ದಿನಕ್ಕೆ ಸುಮಾರು 350 ಮಿಲಿಗ್ರಾಂ ಮೆಗ್ನೀಸಿಯಂ ಬಸುರಿಗೆ ಬೇಕೆಂದು ಅಮೆರಿಕದ ಆಹಾರತಜ್ಞರು ಲೆಕ್ಕ ಹಾಕಿದ್ದಾರೆ. ಇದಕ್ಕೆ ಡಬ್ಬಿಯ ಮಾತ್ರೆಯೇ ಬೇಕೆಂದಿಲ್ಲ. ನೂರು ಗ್ರಾಂ ಜೋಳದಲ್ಲಿ, ಅಂದರೆ ಸುಮಾರು ಎರಡು ರೊಟ್ಟಿಯ ಹಿಟ್ಟಿನಲ್ಲಿ, 130 ಮಿಲಿಗ್ರಾಮಿಗೆ ಕಡಿಮೆಯಿಲ್ಲ. ಜತೆಗೆ ಶೇಂಗಾ ಪುಡಿ, ತೊಗರಿಬೇಳೆ, ಯಾವುದಾದರೊಂದು ಸೊಪ್ಪಿನ ಪಲ್ಯ ಇದ್ದರೆ ಲೆಕ್ಕ ಬಹುಮಟ್ಟಿಗೆ ತುಂಬಿತು. ಕುಬಸದ ದಿನ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮಾಡುವ ಅಜ್ಜಿಯಂದಿರು ರಸಾಯನಶಾಸ್ತ್ರ ಓದಿದವರಲ್ಲ. ಆದರೂ ಅವರ ಬುತ್ತಿಯಲ್ಲಿ ಈ ಧಾತು ಧಾರಾಳವಾಗಿತ್ತು. ಈಗ ಆ ಕಡೆಯಲ್ಲೂ ಪಡಿತರದ ಅಕ್ಕಿ ಬಂದು ರೊಟ್ಟಿಯ ಜಾಗ ಹಿಡಿಯುತ್ತಿದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ನೂರು ಗ್ರಾಮಿಗೆ ಇಪ್ಪತ್ತು, ಇಪ್ಪತ್ತೈದು ಮಿಲಿಗ್ರಾಂ ಉಳಿದರೆ ಹೆಚ್ಚು. ತೌಡಿನೊಂದಿಗೆ ಅದು ದನದ ಪಾಲಾಗುತ್ತದೆ. ತೌಡು ಪೂರ್ತಿ ಹೋಗದ ಕುಚ್ಚಲಕ್ಕಿ ಉಣ್ಣುವ ನಾವು ಈ ಮಟ್ಟಿಗೆ ಭಾಗ್ಯವಂತರು.

ಹಾಗೆಂದು ಇದನ್ನು ಹೆಚ್ಚು ತಿಂದರೆ ಬಸುರಿಯ ಕಾಯಿಲೆಗಳೆಲ್ಲ ದೂರವಾಗುತ್ತವೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ಗರ್ಭಿಣಿಯರೆಲ್ಲರಿಗೂ ಮೆಗ್ನೀಸಿಯಂ ಮಾತ್ರೆ ಕೊಟ್ಟು ನೋಡಿದ ಪರೀಕ್ಷೆಗಳನ್ನು 2014ರಲ್ಲಿ ಒಟ್ಟುಗೂಡಿಸಿ ಪರಿಶೀಲಿಸಿದವರಿಗೆ ಪ್ರಯೋಜನವುಂಟೆನ್ನಲು ಸಾಕಷ್ಟು ಗಟ್ಟಿ ಆಧಾರ ಸಿಗಲಿಲ್ಲ. ರಾತ್ರಿ ಮೀನಖಂಡ ಹಿಡಿದುಕೊಳ್ಳುವ ನೋವಿಗೆ ಕೆಲವರು ಈ ಮಾತ್ರೆ ಬರೆದುಕೊಡುವುದುಂಟು; ಒಬ್ಬರಿಗೆ ಹಿಡಿಸುತ್ತದೆ, ಇನ್ನೊಬ್ಬರಿಗೆ ಇಲ್ಲ. ಮಾತ್ರೆಯ ರೂಪದಲ್ಲಿ ದಿನಕ್ಕೆ 350 ಮಿಲಿಗ್ರಾಂ ಮೀರಿದರೆ ಹೊಟ್ಟೆ ಕೆಡುವುದಂತೂ ಸಾಮಾನ್ಯ, ಭೇದಿ ಉಪ್ಪೆಂಬ ಹೆಸರು ಸುಮ್ಮನೆ ಬಂದದ್ದಲ್ಲ. ಎದೆಯುರಿಗೆ ಕುಡಿಯುವ ಬಿಳಿ ಔಷಧಗಳಲ್ಲೂ ಮೆಗ್ನೀಸಿಯಂ ಇರುತ್ತದೆ. ಅದನ್ನು ಕಬ್ಬಿಣದ ಮಾತ್ರೆಯ ಜತೆಯಲ್ಲೇ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತದು, ಎರಡಕ್ಕೂ ಕೆಲವು ಗಂಟೆಗಳ ಅಂತರ ಬೇಕು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಗೊಬ್ಬರದ ಅಂಗಡಿಯ ಚೀಲ ಮರಕ್ಕೆ ಮಾತ್ರ ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಮೆಗ್ನೀಸಿಯಂನ ನಿಜವಾದ ಮಹಿಮೆ ಕಾಣುವುದು ಬಸುರಿಯ ನಂಜಿನಲ್ಲಿ. ಐದು ತಿಂಗಳು ಕಳೆದ ಮೇಲೆ ರಕ್ತದೊತ್ತಡ 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುವುದು ಇದರ ಮಾಮೂಲು ರೀತಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲು ಹೊಟ್ಟೆಯ ನೋವು, ಮುಖ ಕೈ ಊದುವುದು ಎಚ್ಚರಿಕೆಯ ಗುರುತುಗಳು. ಮುಂದುವರಿದರೆ ಫಿಟ್ಸ್. ಹಿಂದೆ ಇದಕ್ಕೆ ಸನ್ನಿಯೆಂದೋ ಗಾಳಿಸೋಕಿತೆಂದೋ ಹೇಳಿ ಮಂತ್ರ ಹಾಕಿಸಿದ ಮನೆಗಳು ಎಷ್ಟೋ. ಮೆಗ್ನೀಸಿಯಂ ಸಲ್ಫೇಟಿನ ಚುಚ್ಚುಮದ್ದು ಕೊಡುವ ಒಂದು ಕ್ರಮವನ್ನು ಅಮೆರಿಕದ ಪ್ರಿಚಾರ್ಡ್ ಎಂಬ ವೈದ್ಯರು 1955ರಲ್ಲಿ ಪ್ರಕಟಿಸಿದರು. ಆದರೂ ಬೇರೆ ಮದ್ದುಗಳೇ ಮೇಲೆಂದು ವಾದಿಸುವವರು ಬಹುಕಾಲ ಇದ್ದರು. ಕೊನೆಗೆ ಭಾರತವೂ ಸೇರಿದಂತೆ ಹಲವು ದೇಶಗಳ 1,687 ಹೆಂಗಸರ ಮೇಲೆ ನಡೆದು 1995ರಲ್ಲಿ ಹೊರಬಂದ ಪರೀಕ್ಷೆ ವಾದವನ್ನು ಮುಗಿಸಿತು: ಫಿಟ್ಸ್ ಮರುಕಳಿಸುವುದು ಡಯಾಜೆಪಾಂ ಪಡೆದವರಿಗಿಂತ ಮೆಗ್ನೀಸಿಯಂ ಪಡೆದವರಲ್ಲಿ ಅರ್ಧಕ್ಕೂ ಕಡಿಮೆಯಾಗಿತ್ತು. 2002ರಲ್ಲಿ 33 ದೇಶಗಳ ಹತ್ತು ಸಾವಿರಕ್ಕೂ ಮಿಕ್ಕಿದ ಹೆಂಗಸರ ಪರೀಕ್ಷೆಯಲ್ಲಿ, ನಂಜು ಇದ್ದು ಫಿಟ್ಸ್ ಇನ್ನೂ ಬಾರದವರಿಗೂ ಇದು ರಕ್ಷಣೆಯೆಂದು ಕಂಡುಬಂತು. ಲವಣವೂ ಅಗ್ಗ. ಇಷ್ಟು ಕಡಿಮೆ ಬೆಲೆಯ ವಸ್ತು ಇಷ್ಟು ದೊಡ್ಡ ಕೆಲಸ ಮಾಡುವುದು ವೈದ್ಯಶಾಸ್ತ್ರದಲ್ಲಿ ಅಪರೂಪ.

ಹಳ್ಳಿಯವರು ತಿಳಿಯಬೇಕಾದ ಮುಖ್ಯ ಸಂಗತಿ ಬೇರೊಂದಿದೆ. ಈ ಮದ್ದಿನ ಮೊದಲ ಪಾಳಿಗೆ ದೊಡ್ಡ ಆಸ್ಪತ್ರೆಯವರೆಗೆ ಕಾಯಬೇಕಿಲ್ಲ. ಸರಕಾರದ ಸೂಚನೆಯಂತೆ ತರಬೇತಿ ಪಡೆದ ದಾದಿಯೇ ಒಟ್ಟು ಹತ್ತು ಗ್ರಾಮನ್ನು ಎರಡು ಪಾಲು ಮಾಡಿ, ಎರಡೂ ಪೃಷ್ಠಗಳಿಗೆ ಆಳವಾಗಿ ಚುಚ್ಚಿ, ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಬಹುದು. ಮುಂದಿನ ಪಾಳಿಗಳು ಅಲ್ಲಿ. ಪ್ರತಿ ಸಲವೂ ಮೊಣಕಾಲಿನ ಮಿಡಿತ, ಉಸಿರಿನ ಲೆಕ್ಕ, ಮೂತ್ರದ ಪ್ರಮಾಣ ನೋಡಿಯೇ ಕೊಡಬೇಕು. ಹೆಚ್ಚಾದರೆ ಉಸಿರೇ ನಿಂತೀತು. ಅದಕ್ಕೆ ಪ್ರತಿಮದ್ದಾಗಿ ಕ್ಯಾಲ್ಸಿಯಂ ಗ್ಲೂಕೋನೇಟು ಕೈಯಳತೆಯಲ್ಲಿರಬೇಕು.

ಕೃಷ್ಣಾ ಊರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಇರುವುದು ಹೊಳೆಯಾಚೆ ರಾಯಚೂರಿನಲ್ಲಿ, ನಮ್ಮ ಮಂಜೇಶ್ವರದವರಿಗೆ ಮಂಗಳೂರು ಇದ್ದಂತೆ. ತವರುಮನೆಯೂ ಅನೇಕರಿಗೆ ಗಡಿಯಾಚೆಯೇ. ಬಸುರಿಯ ಕಾರ್ಡು ಒಂದು ಭಾಷೆಯಲ್ಲಿ, ಆಸ್ಪತ್ರೆ ಇನ್ನೊಂದು ಭಾಷೆಯಲ್ಲಿ. ಇಂಥಲ್ಲಿ ಮೊದಲ ಚುಚ್ಚುಮದ್ದು ಎಷ್ಟು ಗಂಟೆಗೆ, ಎಷ್ಟು ಗ್ರಾಂ ಕೊಟ್ಟರೆಂಬುದನ್ನು ಚೀಟಿಯಲ್ಲಿ ಅಂಕಿಗಳಲ್ಲೇ ಬರೆಸಿ ತೆಗೆದುಕೊಂಡು ಹೋಗುವುದು ಅತ್ಯವಶ್ಯ. ಅಂಕಿಗೆ ಭಾಷೆಯ ತೊಡಕಿಲ್ಲ. ಚೀಟಿ ಇಲ್ಲದಿದ್ದರೆ ಆಚೆಯ ವೈದ್ಯರು ಮತ್ತೆ ಮೊದಲಿನಿಂದ ಕೊಟ್ಟಾರು, ಅಥವಾ ಕೊಟ್ಟಿರಬಹುದೆಂದು ಹೆದರಿ ತಡಮಾಡಿಯಾರು, ಎರಡೂ ಅಪಾಯವೇ. ರಕ್ತದೊತ್ತಡದ ಅಂಕಿಯನ್ನೂ ಪ್ರತಿ ತಪಾಸಣೆಯಲ್ಲಿ ಕೇಳಿ ಬರೆಸಿಕೊಳ್ಳಬೇಕು. ಅತ್ತೆ, ಮೈದುನ, ಗಂಡ, ಯಾರು ಜತೆಗೆ ಹೋದರೂ ಸರಿ, ಕೇಳಲು ಸಂಕೋಚಪಡಬಾರದು.

ಹೆರಿಗೆಯಾದೊಡನೆ ಎಲ್ಲವೂ ಮುಗಿಯಿತೆಂದು ಬಾಣಂತಿಯನ್ನು ಕೋಣೆಯಲ್ಲಿ ಮಲಗಿಸಿ ಬಾಗಿಲು ಎಳೆದುಕೊಳ್ಳುವ ಪದ್ಧತಿ ಎರಡೂ ಗಡಿಗಳಲ್ಲಿದೆ. ಆದರೆ ಫಿಟ್ಸ್ ಹೆರಿಗೆಯ ನಂತರದ ಎರಡು ದಿನಗಳಲ್ಲೂ, ಕೆಲವೊಮ್ಮೆ ಅದಕ್ಕೂ ತಡವಾಗಿಯೂ ಬರುವುದುಂಟು. ಆ ದಿನಗಳಲ್ಲಿ ಬಾಣಂತಿ ತಲೆನೋವೆಂದರೆ, ಕಣ್ಣು ಮಂಜೆಂದರೆ, ಕಷಾಯ ಕಾಯಿಸುತ್ತ ಕೂರದೆ 108ಕ್ಕೆ ಫೋನ್ ಮಾಡಿ ರಕ್ತದೊತ್ತಡ ನೋಡಿಸತಕ್ಕದ್ದು.