ಮಳೆಗಾಲದ ಕಪ್ಪೆಗಳೂ ಮಕ್ಕಳ ಕಿವಿಯೂ

ಶೀತದೇಶಗಳಲ್ಲಿ ಹಿಮ ಕರಗಿ ವಸಂತ ಬಂದಾಗ ಕಪ್ಪೆಗಳು ಕೂಗತೊಡಗುತ್ತವೆ. ನಮ್ಮ ನಾಡಿನ ಕಪ್ಪೆಗಳಿಗೆ ವಸಂತವೆಂದರೆ ಮುಂಗಾರು. ಬೇಸಗೆಯಲ್ಲಿ ಮಣ್ಣಿನಡಿಯಲ್ಲೂ ಕಲ್ಲುಸಂದಿಯಲ್ಲೂ ಅಡಗಿದ್ದವು ಮೊದಲ ದೊಡ್ಡ ಮಳೆ ಬಿದ್ದ ರಾತ್ರಿಯೇ ಹೊಂಡದ ಅಂಚಿಗೆ ಬಂದು ಸೇರುತ್ತವೆ. ಮಕ್ಕಳಿಗೆ ಅವುಗಳ ಪರಿಚಯ ಮಾಡಿಸಲು ಇದೇ ಸಕಾಲ. ಆ ಪರಿಚಯ ಕಣ್ಣಿಗಿಂತ ಮೊದಲು ಕಿವಿಯಿಂದ ಆಗಬೇಕು.

ಸಾಮಾನ್ಯವಾಗಿ ಕೂಗುವುದು ಗಂಡುಕಪ್ಪೆ. ಶ್ವಾಸಕೋಶದ ಗಾಳಿ ಗಂಟಲಿನ ತಂತುಗಳನ್ನು ಮಿಡಿದು ಧ್ವನಿ ಹುಟ್ಟುತ್ತದೆ. ಗಂಟಲಿನ ಚರ್ಮದ ಚೀಲ ಉಬ್ಬಿ ಅದನ್ನು ದೂರಕ್ಕೆ ಮುಟ್ಟಿಸುತ್ತದೆ. ಬಾಯಿ ಮಾತ್ರ ಮುಚ್ಚಿಯೇ ಇರುತ್ತದೆ! ಒಂದೊಂದು ಜಾತಿಗೂ ಒಂದೊಂದು ಕೂಗು. ಹೆಣ್ಣುಕಪ್ಪೆ ಕತ್ತಲಲ್ಲಿ ತನ್ನ ಜಾತಿಯ ಗಂಡನ್ನು ಗುರುತಿಸುವುದು ಈ ಕೂಗಿನಿಂದ. ನಮಗೆ ಬರಿಯ ಗದ್ದಲವೆನಿಸುವುದು ಅವುಗಳಿಗೆ ಸ್ಪಷ್ಟವಾದ ಕರೆ.

ನಾವು ಹತ್ತಿರ ಹೋದೊಡನೆ ಎಲ್ಲವೂ ಸುಮ್ಮನಾಗುತ್ತವೆ. ದೀಪವಾರಿಸಿ, ಮಾತಾಡದೆ, ಕೆಲವು ನಿಮಿಷ ನಿಲ್ಲಿರಿ. ಒಂದು ಕಪ್ಪೆ ಧೈರ್ಯಮಾಡಿ ಆರಂಭಿಸಿದರೆ ಉಳಿದವು ದನಿಗೂಡಿಸುತ್ತವೆ. ಎಷ್ಟು ಬಗೆಯ ಸ್ವರಗಳಿವೆ ಎಂದು ಮಕ್ಕಳು ಬೆರಳು ಮಡಿಸಿ ಎಣಿಸಲಿ, ಅನುಕರಿಸಲಿ, ತಮಗೆ ತೋಚಿದ ಹೆಸರಿಡಲಿ. ಆಮೇಲೆ ದೀಪ ಹಚ್ಚಿ ನೋಡಬಹುದು. ನೀರಲ್ಲಿ ಹಳದಿ ಮೈಯ, ನೀಲಿ ಗಂಟಲಚೀಲದ ದೊಡ್ಡ ಗೂಳಿಗಪ್ಪೆ ಕಂಡರೆ ಅವರು ಆ ರಾತ್ರಿಯನ್ನು ಮರೆಯಲಾರರು. ಮರುದಿನ ಬೆಳಿಗ್ಗೆ ನೀರಿನ ಮೇಲೆ ಬಾಗಿದ ಕೊಂಬೆಗಳನ್ನು ನೋಡಿ. ಅಲ್ಲಿ ಬಿಳಿಯ ನೊರೆಯ ಮುದ್ದೆ ತೂಗುತ್ತಿದ್ದರೆ ಅದು ಮರಗಪ್ಪೆಯ ಗೂಡು. ಮೊಟ್ಟೆಯೊಡೆದ ಗೊದಮೊಟ್ಟೆಗಳು ಅದರಿಂದ ನೇರ ನೀರಿಗೆ ಬೀಳುತ್ತವೆ.

ಕಪ್ಪೆ ತೇವದ ಚರ್ಮದ ಮೂಲಕವೂ ಉಸಿರಾಡುತ್ತದೆ. ಆದ್ದರಿಂದ ಅದನ್ನು ಹಿಡಿಯಬಾರದು. ಕಪ್ಪೆಯಿದ್ದಲ್ಲಿಗೆ ಹಾವೂ ಬರುತ್ತದೆ. ಹಿರಿಯರು ಜೊತೆಯಲ್ಲಿರಬೇಕು, ಕಾಲಿಗೆ ಬೂಟುಗಳಿರಬೇಕು.

ಕಿವಿಗೊಡುವುದು ಬರಿಯ ಆಟವಲ್ಲ. ನಮ್ಮ ಕರಾವಳಿಯಲ್ಲಿ ಗೂಳಿಯ ಗುಟುರಿನಂಥ ಕೂಗು ಅರಣ್ಯ ರಕ್ಷಕರೊಬ್ಬರ ಗಮನಕ್ಕೆ ಬಂದಿತು. ಅದರ ಜಾಡು ಹಿಡಿದು ವಿಜ್ಞಾನಿಗಳು 2016ರಲ್ಲಿ ಹೊಸ ಜಾತಿಯೊಂದನ್ನು ವರ್ಣಿಸಿ ‘ಕರಾವಳಿ’ ಎಂದೇ ಹೆಸರಿಟ್ಟರು.

2023ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿಗಳಲ್ಲಿ 100ಕ್ಕೆ ಸುಮಾರು 41 ಜಾತಿಗಳು ಅಳಿವಿನ ಅಪಾಯದಲ್ಲಿವೆ. ಹೊಂಡ ಮುಚ್ಚಿದರೆ ಅದರ ದನಿಯೂ ಅಡಗುತ್ತದೆ. ಆ ದನಿಯನ್ನು ಕೇಳಿಯೇ ಇರದವನಿಗೆ ನಷ್ಟದ ಅರಿವಾಗುವುದಿಲ್ಲ. ಆದ್ದರಿಂದ ಮಕ್ಕಳು ಪುಸ್ತಕವೊಂದರಲ್ಲಿ ಪ್ರತಿ ವರ್ಷ ಮೊದಲ ಕೂಗಿನ ದಿನಾಂಕ, ಸ್ಥಳ, ಸ್ವರಗಳನ್ನು ಬರೆದಿಡಲಿ. ಯಾವ ದನಿ ಈ ವರ್ಷ ಬರಲಿಲ್ಲವೆಂದು ಹೇಳಬಲ್ಲ ಮಗು ಊರಿನ ಕೆರೆಗೆ ಒಳ್ಳೆಯ ಕಾವಲು.