ಎಕರೆಗೆ ನಾಲ್ಕು ಗುಂಠೆ ಬಯಲು

ಶೇಗಾಂವ ಎಂದೊಡನೆ ಬಹಳ ಜನ ಸಂತ ಗಜಾನನ ಮಹಾರಾಜರ ಊರೇ ಎಂದು ಕೇಳುತ್ತಾರೆ. ಅದು ದೂರದ ಬುಲ್ಢಾಣಾ ಜಿಲ್ಲೆಯದು. ನಮ್ಮದು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಶೇಗಾಂವ. ಮಳೆ ಕಡಿಮೆ, ಬಿಸಿಲು ಹೆಚ್ಚು. ನಮ್ಮ ಮನೆಮಾತು ಕನ್ನಡ, ಹೊಲದ ಉತಾರೆ, ಅಂದರೆ ಹಕ್ಕಿನ ದಾಖಲೆ, ಮರಾಠಿ. ಜಮೀನಿನ ಕಾಗದ ಬರೆದುಕೊಡುವುದು ನನ್ನ ಕಸುಬು. ಪ್ಲಾಟ್ ಕೊಳ್ಳಲು ಬಂದವರೆಲ್ಲ ದರ ಕೇಳುತ್ತಾರೆ, ರಸ್ತೆ ಎಷ್ಟು ಅಗಲ ಎಂದು ಕೇಳುತ್ತಾರೆ, ಬಾಗಿಲು ಪೂರ್ವಕ್ಕೆ ಬರುತ್ತದೆಯೇ ಎಂದು ಕೇಳುತ್ತಾರೆ. ಮಕ್ಕಳು ಆಡುವ ಜಾಗ ಎಲ್ಲಿದೆ ಎಂದು ಕೇಳುವವರು ಸಿಗುವುದೇ ಅಪರೂಪ. ಆ ಜಾಗ ಯಾರ ದಯೆಯಿಂದಲೂ ಬರುವುದಲ್ಲ, ಕಾನೂನಿನಿಂದ ಬರುವುದು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮಹಾರಾಷ್ಟ್ರದಲ್ಲಿ 2020ರ ಡಿಸೆಂಬರಿನಲ್ಲಿ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ ಬಂತು. ಮುಂಬಯಿಯಂಥ ಕೆಲವು ಪ್ರದೇಶ ಬಿಟ್ಟರೆ ರಾಜ್ಯದ ಬಹುಭಾಗಕ್ಕೆ ಅದು ಅನ್ವಯಿಸುತ್ತದೆ. 4,000 ಚದರ ಮೀಟರ್ ಅಥವಾ ಅದಕ್ಕೂ ದೊಡ್ಡ ಜಮೀನಿನಲ್ಲಿ ಲೇಔಟ್ ಮಾಡುವವರು ಶೇ. 10ರಷ್ಟನ್ನು ಎಲ್ಲರ ಬಳಕೆಗೆ ತೆರೆದ ಬಯಲಾಗಿ ಬಿಡಬೇಕು ಎನ್ನುತ್ತದೆ. ಎಕರೆ ಎಂದರೆ ಸುಮಾರು 4,047 ಚದರ ಮೀಟರ್, 40 ಗುಂಠೆ. ಹಾಗಾಗಿ ನಮ್ಮ ಲೆಕ್ಕದಲ್ಲಿ ಎಕರೆಗೆ ನಾಲ್ಕು ಗುಂಠೆ. ಒಂದು ಆಲದ ಮರ, ಅದರ ಸುತ್ತ ಕಟ್ಟೆ, ಹುಡುಗರಿಗೆ ಕಬಡ್ಡಿ ಅಂಗಳ, ಇಷ್ಟು ಹಿಡಿಸುವಷ್ಟು ಜಾಗ.

ಆದರೆ ಲೇಔಟೇ ಇಲ್ಲದಿದ್ದರೆ? ನಮ್ಮ ಜಿಲ್ಲೆಯಲ್ಲಿ ಗುಂಠೇವಾರಿ ಎಂಬುದು ಮನೆಮನೆಯ ಮಾತು. ಜೋಳದ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ನಕ್ಷೆ ಮಂಜೂರಾತಿ ಏನೂ ಇಲ್ಲದೆ ಒಂದು ಗುಂಠೆ ಎರಡು ಗುಂಠೆಯಂತೆ ಸ್ಟಾಂಪ್ ಕಾಗದದ ಮೇಲೆ ಮಾರುವುದು. ಸಾಂಗಲಿ, ಮಿರಜ, ಕುಪವಾಡದಲ್ಲಿ ಇಂಥ ವಸತಿಗಳು ಬೇಕಾದಷ್ಟಿವೆ. ಕೊಂಡವರು ತಪ್ಪಿತಸ್ಥರಲ್ಲ, ಅವರ ಕೈಯಲ್ಲಿದ್ದ ದುಡ್ಡಿಗೆ ಸಿಕ್ಕದ್ದು ಅಷ್ಟೇ. 2001ರಲ್ಲಿ ಸರ್ಕಾರ ಗುಂಠೇವಾರಿ ಕಾಯಿದೆ ತಂದು, ಶುಲ್ಕ ಕಟ್ಟಿಸಿಕೊಂಡು ಅಂಥವನ್ನು ಸಕ್ರಮ ಮಾಡಲು ದಾರಿ ಮಾಡಿತು. ಕಾಗದ ಸಕ್ರಮವಾಯಿತು. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಮನೆಗಳ ನಡುವೆ ಬಯಲನ್ನು ಯಾವ ಕಾಯಿದೆ ತಂದು ಇಡಬೇಕು? ಮನೆ ಏಳುವ ಮೊದಲೇ ಬಿಡದ ಜಾಗ ಆಮೇಲೆ ಸಿಗುವುದಿಲ್ಲ.

ಬಿಟ್ಟ ಜಾಗ ಉಳಿಯುವುದೂ ಸುಲಭವಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆ ಪ್ರಾಧಿಕಾರದ ಬಡಾವಣೆಗಳಲ್ಲಿ ಶೇ. 15ಕ್ಕೆ ಕಡಿಮೆಯಿಲ್ಲದಂತೆ ಉದ್ಯಾನ ಮತ್ತು ಆಟದ ಮೈದಾನ, ಅದರ ಮೇಲೆ ಶೇ. 10 ನಾಗರಿಕ ಸೌಲಭ್ಯ ಎಂದು ಹೇಳುತ್ತದೆ. ಆದರೆ ಅದೇ ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಮೀಸಲಿದ್ದ ಜಾಗವನ್ನು ಮುಖ್ಯಮಂತ್ರಿಯ ಆದೇಶದಂತೆ ಖಾಸಗಿ ಆಸ್ಪತ್ರೆ ಕಟ್ಟಲು ಒಂದು ಟ್ರಸ್ಟಿಗೆ ಕೊಡಲಾಯಿತು. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈನಲ್ಲಿ, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಎಂದು ಹೆಸರಾದ ಪ್ರಕರಣದಲ್ಲಿ, ನ್ಯಾಯಾಲಯ ಆ ಹಂಚಿಕೆಯನ್ನು ಅಕ್ರಮ ಎಂದಿತು. ಆಸ್ಪತ್ರೆ ಒಳ್ಳೆಯದೇ. ಆದರೆ ಪಾರ್ಕಿನ ಜಾಗಕ್ಕೆ ಅದು ಬದಲಿಯಾಗದು, ಮತ್ತು ಅಂಥ ಹಂಚಿಕೆಯನ್ನು ಪ್ರಶ್ನಿಸುವ ಹಕ್ಕು ಅಲ್ಲಿ ವಾಸಿಸುವವರಿಗಿದೆ ಎಂಬುದು ತೀರ್ಪಿನ ಹುರುಳು. ನಮ್ಮ ಊರಿನ ಹುಡುಗರಿಗೆ ಈ ಕಥೆ ಹೇಳುವಾಗಲೆಲ್ಲ ನನಗೆ ಹುರುಪು ಬರುತ್ತದೆ.

ಬಯಲಿನ ಮಾಲಕ ಯಾರು ಎಂಬ ತಕರಾರೂ ಹಳೆಯದೇ. ದಿಲ್ಲಿಯ ಒಂದು ಕಾಲೊನಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು, ಪಾಲಿಕೆ ಬಯಲನ್ನು ಪುಕ್ಕಟೆಯಾಗಿ ತನ್ನ ಹೆಸರಿಗೆ ಮಾಡಿಕೊಳ್ಳುವಂತಿಲ್ಲ ಎಂದಿತು. ಆದರೆ ಜಮೀನಿನವನೂ ಅದನ್ನು ಊರಿನ ಪರವಾಗಿ ಕಾಯಬೇಕೇ ಹೊರತು ಬೇರೆ ಉಪಯೋಗಕ್ಕೆ ತಿರುಗಿಸುವಂತಿಲ್ಲ. ಚೆನ್ನೈಯಲ್ಲಿ 10,000 ಚದರ ಮೀಟರ್ ಮೀರಿದ ನಿವೇಶನಗಳ ಮಾಲಕರು ಶೇ. 10ನ್ನು ದಾನಪತ್ರ ಬರೆದೇ ಕೊಡಬೇಕೆಂಬ ನಿಯಮವಿದೆ. 2023ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ಎತ್ತಿಹಿಡಿಯಿತು. ನಮ್ಮ ಕಡೆ ಪ್ಲಾಟುಗಳೆಲ್ಲ ಮಾರಿದ ಮೇಲೂ ಓಪನ್ ಸ್ಪೇಸಿನ ಉತಾರೆಯಲ್ಲಿ ಮೂಲ ಮಾಲಕನ ಹೆಸರೇ ಉಳಿದಿರುವುದನ್ನು ನಾನು ನೋಡಿದ್ದೇನೆ. ಇಪ್ಪತ್ತು ವರ್ಷದ ನಂತರ ಮೊಮ್ಮಕ್ಕಳು ಬಂದು ಬೇಲಿ ಹಾಕುವುದಕ್ಕೆ ದಾರಿಯಾಗುವುದು ಇಲ್ಲಿಯೇ.

ಆದ್ದರಿಂದ ಮುಂಗಡ ಕೊಡುವ ಮೊದಲು ಎನ್.ಎ. (ಕೃಷಿಯೇತರ ಬಳಕೆಯ) ಆದೇಶವನ್ನೂ ಮಂಜೂರಾದ ನಕ್ಷೆಯನ್ನೂ ಕೈಯಲ್ಲಿ ಹಿಡಿದು ನೋಡಿರಿ. ದಲ್ಲಾಳಿ ತೋರಿಸುವ ಬಣ್ಣದ ಹಾಳೆ ಬೇಡ, ಸಹಿ ಮುದ್ರೆ ಇರುವುದು ಬೇಕು. ಅದರಲ್ಲಿ ಓಪನ್ ಸ್ಪೇಸ್ ಎಲ್ಲಿದೆ, ಎಷ್ಟಿದೆ, ಅಲ್ಲಿಗೆ ರಸ್ತೆ ಮುಟ್ಟುತ್ತದೆಯೇ ನೋಡಿ, ಹೊಲಕ್ಕೆ ಹೋಗಿ ಹೆಜ್ಜೆ ಹಾಕಿ ಅಳೆಯಿರಿ. ಹಳ್ಳದ ಅಂಚಿನ ಯಾರಿಗೂ ಬೇಡವಾದ ಮೂಲೆಯನ್ನೇ ಪಾರ್ಕೆಂದು ತೋರಿಸಿದ್ದರೆ ಆಗಲೇ ತಕರಾರು ಎತ್ತಿರಿ. ಖರೇದಿ ಪತ್ರದಲ್ಲಿ ಆ ಬಯಲಿನ ಬಳಕೆಯ ಹಕ್ಕು ಬರೆಸಿರಿ.

ಅಲ್ಲಿ ಏನು ಬೆಳೆಸಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಹುಲ್ಲುಹಾಸು ನಮ್ಮ ನೆಲಕ್ಕಲ್ಲ. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ತಾಲೂಕು ಇದು. ಬೇವು, ಹುಣಸೆ, ಬನ್ನಿ ನೆಡಬೇಕು, ಎರಡು ಬೇಸಿಗೆ ಕೊಡ ನೀರು ಹಾಕಿ ಉಳಿಸಿಕೊಳ್ಳಬೇಕು. ಬಯಲಿನ ತಗ್ಗಿನಲ್ಲಿ ಒಂದು ಇಂಗುಗುಂಡಿ ತೋಡಿದರೆ ಲೇಔಟಿನ ಮಳೆನೀರು ಅಲ್ಲೇ ಇಳಿಯುತ್ತದೆ.